ಎಡಗಂಬದ ಕಡೆ

ಕೆಂಪಂಗಿಯವರು ಆ ವರ್ಷ ಸೋತು ಸುಣ್ಣವಾಗಿದ್ದರು. ಹಾಕಿ ಲೀಗಿನ ಪಟ್ಟಿಯಲ್ಲಿ ಅವರ ಕೆಳಗೆ ಇನ್ನು ಯಾರೂ ಉಳಿದಿರಲಿಲ್ಲ. ಕೊನೆಯ ಪಂದ್ಯ ಗೆದ್ದರೆ ಮೇಲಿನ ದರ್ಜೆಯಲ್ಲಿ ಹೇಗೋ ಉಳಿದುಕೊಳ್ಳುತ್ತಾರೆ, ಇಲ್ಲವಾದರೆ ಎರಡನೇ ದರ್ಜೆಗೆ ಇಳಿಯುತ್ತಾರೆ ಎಂಬ ಸ್ಥಿತಿ. ಜನ ಒಬ್ಬೊಬ್ಬರಾಗಿ ಮೈದಾನಕ್ಕೆ ಬರುವುದನ್ನೇ ಬಿಟ್ಟಿದ್ದರು. ಕನ್ನಡಕದಂಗಡಿಯವನು ಮಾತ್ರ ಒಂದು ಪಂದ್ಯವನ್ನೂ ತಪ್ಪಿಸಿರಲಿಲ್ಲ.

ಅವನ ಹೆಂಡತಿಯ ಪ್ರಕಾರ ಅದು ಅಭಿಮಾನವಲ್ಲ, ಚಟ. ತಂಡ ಗೆದ್ದ ದಿನ ಅವನು ಮನೆಗೆ ಬಂದು ಉಂಡು ಸುಮ್ಮನೆ ಮಲಗುತ್ತಿದ್ದ. ಸೋತ ದಿನ ಊಟದ ಮೇಜಿನ ಮೇಲೆ ಲೋಟ, ಚಮಚ, ಉಪ್ಪಿನ ಡಬ್ಬಿಗಳನ್ನು ಆಟಗಾರರ ಹಾಗೆ ನಿಲ್ಲಿಸಿ, ಯಾರು ಎಲ್ಲಿ ಕೆಡಿಸಿದರು ಎಂದು ತೋರಿಸುತ್ತಿದ್ದ. ಉಪ್ಪಿನ ಡಬ್ಬಿ ಯಾವಾಗಲೂ ಗೋಲ್‌ಕೀಪರ್. ಈ ವರ್ಷ ಅಡುಗೆಗೆ ಹಾಕೋಕೆ ಉಪ್ಪೇ ಕೈಗೆ ಸಿಕ್ಕಿಲ್ಲ ಎಂದು ಅವಳು ಗಿರಾಕಿಗಳ ಹತ್ತಿರ ನಗದೆ ಹೇಳುತ್ತಿದ್ದಳು.

ಅಂಗಡಿ ಮೈದಾನದ ಹಿಂದಿನ ಬೀದಿಯಲ್ಲಿತ್ತು. ಮುಂದೆ ಗಾಜಿನ ಕಪಾಟು, ಅದರಲ್ಲಿ ಸಾಲಾಗಿ ಫ್ರೇಮುಗಳು. ಅಲ್ಲಿ ಹೆಂಡತಿ ಕೂತು ಸಡಿಲವಾದ ಸ್ಕ್ರೂ ಬಿಗಿಯುತ್ತ, ಬಗ್ಗಿದ ಕಡ್ಡಿ ನೇರ ಮಾಡುತ್ತ ಇರುತ್ತಿದ್ದಳು. ಪರದೆಯ ಹಿಂದೆ ಕಣ್ಣು ಪರೀಕ್ಷೆಯ ಕೋಣೆ. ಅದು ಎಷ್ಟು ಮೋಟು ಎಂದರೆ ಅಕ್ಷರದ ಹಲಗೆಗೆ ಬೇಕಾದಷ್ಟು ದೂರ ಸಿಗುತ್ತಿರಲಿಲ್ಲ. ಹಲಗೆಯನ್ನು ಗಿರಾಕಿಯ ಬೆನ್ನ ಹಿಂದೆ ತೂಗುಹಾಕಿ, ಎದುರು ಗೋಡೆಯ ಕನ್ನಡಿಯಲ್ಲಿ ಓದಿಸಬೇಕಾಗಿತ್ತು. ಕೋಣೆಯಲ್ಲಿ ಅವನು ಮಿತಭಾಷಿ. ಸರಿಯಾಗಿ ಕಾಣುತ್ತದೆಯೇ, ಈಗ ಹೇಗೆ, ಇದು ವಾಸಿಯೋ ಅದು ವಾಸಿಯೋ, ಅಷ್ಟೇ. ಗಂಟಲಿನ ಕೆಲಸವನ್ನೆಲ್ಲ ಅವನು ಮೈದಾನಕ್ಕೆ ಮೀಸಲಿಟ್ಟಿದ್ದ.

ಮೈದಾನದಲ್ಲಿ ಅವನ ಜಾಗ ಗೋಲಿನ ಹಿಂದಿನ ಸಿಮೆಂಟ್ ಮೆಟ್ಟಿಲು. ಅಕ್ಕಪಕ್ಕ ಒಬ್ಬ ದರ್ಜಿ, ಒಬ್ಬ ನಿವೃತ್ತ ಕಂಡಕ್ಟರ್. ಮೂವರೂ ಅಲ್ಲೇ ಕೂತು ನಡುವಯಸ್ಸು ದಾಟುತ್ತಿದ್ದರು. ಕಂಡಕ್ಟರಿಗೆ ಇಡೀ ತಂಡದ ಮೇಲೆ ಸಿಟ್ಟು, ದರ್ಜಿಗೆ ಯಾರ ಮೇಲೂ ಸಿಟ್ಟಿಲ್ಲ. ಕನ್ನಡಕದಂಗಡಿಯವನ ಸಿಟ್ಟೆಲ್ಲ ಗೋಲ್‌ಕೀಪರನ ಮೇಲೆ.

ಗೋಲ್‌ಕೀಪರನನ್ನು ಊರೆಲ್ಲ ಚಿಲಕ ಎನ್ನುತ್ತಿತ್ತು. ಹೊಸದರಲ್ಲಿ ಒಂದು ಪಂದ್ಯದಲ್ಲಿ ಅವನು ಬಂದ ಚೆಂಡನ್ನೆಲ್ಲ ತಡೆದು ನಿಂತಿದ್ದಾಗ ಯಾರೋ ಬಾಗಿಲಿಗೆ ಚಿಲಕ ಬಿತ್ತು ಎಂದಿದ್ದರು, ಹೆಸರು ಅಂಟಿಕೊಂಡಿತು. ಆಗ ಅದು ಹೊಗಳಿಕೆ. ಈ ವರ್ಷ ಗೋಲುಗಳು ಒಂದರ ಹಿಂದೆ ಒಂದು ನುಗ್ಗತೊಡಗಿದ ಮೇಲೆ ಅದೇ ಹೆಸರನ್ನು ಜನ ಹಲ್ಲು ಕಡಿದು ಹೇಳುತ್ತಿದ್ದರು. ಅದರಲ್ಲೂ ಹೆಚ್ಚಿನ ಗೋಲು ಬೀಳುತ್ತಿದ್ದುದು ಅವನ ಎಡಗಂಬದ ಕಡೆ. ಚಿಲಕ ಬಲಗಡೆ ಮಾತ್ರ ಬೀಳುತ್ತೆ, ಎಡಗಡೆ ಬಾಗಿಲು ಹಾರುಹೊಡೆದಿದೆ ಎನ್ನುವುದು ಕಂಡಕ್ಟರನ ಮಾತು. ಅದನ್ನು ಎಲ್ಲರಿಗೂ ಕೇಳುವ ಹಾಗೆ ಕೂಗುವ ಕೆಲಸ ಕನ್ನಡಕದಂಗಡಿಯವನದು.

ಕೂಗಿ ಸುಮ್ಮನಾಗಿದ್ದರೆ ಒಂದು ಮಾತು. ಸೋತಾಗಲೆಲ್ಲ ಅವನು ಮೆಟ್ಟಿಲಿಳಿದು, ಬೇಲಿಯ ಹತ್ತಿರ ಹೋಗಿ, ಕೋಚನ್ನು ಕರೆದು ದೂರು ಹೇಳುತ್ತಿದ್ದ. ಒಂದು ವಾರ ಚಿಲಕನಿಗೆ ಕೈಯೇ ಇಲ್ಲ. ಇನ್ನೊಂದು ವಾರ ಮಂಡಿ ಬಗ್ಗುವುದಿಲ್ಲ. ಮತ್ತೊಂದು ವಾರ ಅವನು ಎದುರಾಳಿಗಳಿಗೆ ಮಾರಿಕೊಂಡಿದ್ದಾನೆ. ಅದಾದ ಮೇಲಿನ ವಾರ ಕುಡಿದು ಬಂದಿದ್ದಾನೆ. ಕೋಚ್ ಸೊಂಟದ ಮೇಲೆ ಕೈಯಿಟ್ಟು ಎಲ್ಲವನ್ನೂ ಕೇಳಿಸಿಕೊಂಡು ತಲೆಯಾಡಿಸುತ್ತಿದ್ದ. ಆಟಗಾರರಿಗೆ ಅದೊಂದು ಮನರಂಜನೆಯಾಗಿತ್ತು. ಸೋತ ದಿನ ನಗಲು ಅವರಿಗೂ ಏನಾದರೂ ಬೇಕಲ್ಲ.

ಕೊನೆಯ ಪಂದ್ಯದ ವಾರ, ಹೆಂಡತಿ ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ ಚಿಲಕ ಅಂಗಡಿಗೆ ಬಂದ.

ಅವನನ್ನು ಮುಖವಾಡ, ಎದೆಕವಚ, ದಪ್ಪ ಪ್ಯಾಡುಗಳಿಲ್ಲದೆ ಅಷ್ಟು ಹತ್ತಿರದಿಂದ ಅಂಗಡಿಯವನು ನೋಡಿದ್ದು ಅದೇ ಮೊದಲು. ಆಸಾಮಿ ಅಂದುಕೊಂಡದ್ದಕ್ಕಿಂತ ಸಣ್ಣವ. ಬಾಗಿಲಲ್ಲಿ ನಿಂತು ಅಂಗಡಿಯನ್ನೆಲ್ಲ ನೋಡಲು ಕುತ್ತಿಗೆಯನ್ನು ಅತ್ತಿಂದಿತ್ತ ತಿರುಗಿಸುತ್ತಿದ್ದ. ಅಂಗಡಿಯವನು ಬನ್ನಿ ಎಂದ. ಆ ಒಂದು ಪದಕ್ಕೆ ಚಿಲಕ ಮುಖವೆತ್ತಿದ.

"ನಿಮ್ಮ ದನಿ ನಂಗೊತ್ತು ಅಣ್ಣ," ಅಂದ. "ಬೆನ್ನ ಹಿಂದಿಂದ ಕೇಳ್ತಾನೇ ಇದೀನಲ್ಲ."

ಅಂಗಡಿಯವನು ಕೂತುಕೊಳ್ಳಿ ಎಂದು ಕುರ್ಚಿ ತೋರಿಸಿದ. ಚಿಲಕ ಬಂದ ಕಾರಣ ಹೇಳಿದ. ಯಾಕೋ ಕಣ್ಣು ಮಂಜು ಅನ್ನಿಸುತ್ತಿದೆ, ಕನ್ನಡಕ ಬೇಕಾದೀತೇನೋ. ದೊಡ್ಡ ಆಸ್ಪತ್ರೆಗೆ ಹೋದರೆ ತಂಡದ ಡಾಕ್ಟರು ಅಲ್ಲೇ ಇರುತ್ತಾರೆ, ಸುದ್ದಿ ಸಂಜೆಯೊಳಗೆ ಕೋಚಿಗೆ ಮುಟ್ಟುತ್ತದೆ. ಹತ್ತಿರದಲ್ಲಿ ಕಣ್ಣಿನಂಗಡಿ ಅಂತ ಇರುವುದು ಇದೊಂದೇ.

ಕನ್ನಡಿಯಲ್ಲಿ ಅಕ್ಷರಗಳನ್ನು ಚಿಲಕ ಕೆಳಗಿನ ಸಾಲಿನವರೆಗೆ ಗಟಗಟನೆ ಓದಿದ. ಮಂಜು ಎಲ್ಲಿ ಎಂದು ಅಂಗಡಿಯವನು ಕೇಳಿದ. ಎದುರಿಗಲ್ಲ, ಪಕ್ಕದಲ್ಲಿ, ಎಡಗಡೆ, ಪರದೆ ಅರ್ಧ ಎಳೆದ ಹಾಗೆ ಎಂದು ಉತ್ತರ ಬಂತು. ಅಂಗಡಿಯವನು ಅವನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಸಿ, ನನ್ನ ಮೂಗನ್ನೇ ನೋಡುತ್ತಿರಿ, ಬೆರಳು ಕಂಡ ಕೂಡಲೇ ಹೇಳಿ ಎಂದು, ತನ್ನ ಬೆರಳನ್ನು ಪಕ್ಕದಿಂದ ಮೆಲ್ಲಗೆ ಮುಂದಕ್ಕೆ ತಂದ. ಬೆರಳು ಕಿವಿ ದಾಟಿತು. ಕೆನ್ನೆ ದಾಟಿತು. ಇಬ್ಬರ ಮುಖಗಳ ನಡುವೆ ಬಂದ ಮೇಲೆ ಚಿಲಕ ಕಂಡಿತು ಎಂದ. ಕೆಂಪು ಪೆನ್ನಿನ ಮುಚ್ಚಳ ಹಿಡಿದು ಇನ್ನೊಮ್ಮೆ ನೋಡಿದರೂ ಅಷ್ಟೇ.

ವರ್ಷದ ಮೊದಲಲ್ಲಿ ಅಭ್ಯಾಸದ ವೇಳೆ ಒಂದು ಚೆಂಡು ಮುಖವಾಡಕ್ಕೆ ಜೋರಾಗಿ ಬಡಿದಿತ್ತಂತೆ. ಆಮೇಲೆ ಕೆಲವು ದಿನ ಕಣ್ಣಲ್ಲಿ ಕಿಡಿ ಹಾರಿದ ಹಾಗಾಗುತ್ತಿತ್ತು. ಪರದೆ ಮೊದಲು ಮೂಲೆಯಲ್ಲಿ ಒಂದಿಷ್ಟು ಇತ್ತು, ಈಚೆಗೆ ಮುಂದೆ ಸರಿಯುತ್ತಿದೆ.

ಕನ್ನಡಕದಿಂದ ಆಗುವ ಕೆಲಸವಲ್ಲ ಇದು ಎಂದು ಅಂಗಡಿಯವನು ಹೇಳಿದ. ತೇವ ಕುಡಿದ ಗೋಡೆಯಿಂದ ಗಾರೆ ಬಿಡುವ ಹಾಗೆ ಕಣ್ಣಿನ ಒಳಪದರ ಹಿಂದಿನಿಂದ ಬಿಟ್ಟುಬರುತ್ತಿರಬಹುದು. ಒಳಗೆ ನೋಡುವ ಯಂತ್ರ ತನ್ನ ಬಳಿ ಇಲ್ಲ. ಆಸ್ಪತ್ರೆಗೆ ಇವತ್ತೇ ಹೋಗಬೇಕು. ಇನ್ನೊಂದು ಏಟು ಬಿದ್ದರೆ ಇರುವುದೂ ಹೋದೀತು.

ಚಿಲಕ ಕುರ್ಚಿಯಿಂದ ಎದ್ದ. ಭಾನುವಾರದ ಪಂದ್ಯ ಮುಗಿಸಿ ಹೋಗುತ್ತೇನೆ ಎಂದ. ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಮತ್ತೆ ಗೋಲಿನ ಮುಂದೆ ನಿಲ್ಲಲು ಯಾರೂ ಬಿಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ಒಂದೇ ಒಂದು ಮ್ಯಾಚ್ ಅಣ್ಣ. ತಂಡಾನ ಕೆಳಗಿಳಿಸಿದೋನು ಅಂತ ಹೆಸರು ಹೊತ್ಕೊಂಡು ಹೋಗೋಕೆ ಮನಸ್ಸಿಲ್ಲ. ಇದು ಅಂಗಡಿ ಮಾತು ತಾನೇ?"

"ಅಂಗಡಿ ಮಾತು ಅಂಗಡೀಲೇ," ಅಂದ ಅಂಗಡಿಯವನು.

ಮಾತು ನಾಲಿಗೆಯಿಂದ ಎಷ್ಟು ಸಲೀಸಾಗಿ ಜಾರಿತು ಎಂಬುದು ಚಿಲಕ ಹೋದ ಮೇಲೆ ಅವನ ಗಮನಕ್ಕೆ ಬಂತು. ಗಿರಾಕಿಯ ಗುಟ್ಟು ಕಾಯುವುದು ಈ ಕಸುಬಿನ ಧರ್ಮ. ಯಾರ ಕಣ್ಣು ಹೇಗಿದೆ ಎಂದು ಬೀದಿಯಲ್ಲಿ ಹೇಳಿಕೊಂಡು ತಿರುಗುವವನ ಅಂಗಡಿಗೆ ಯಾರೂ ಬರುವುದಿಲ್ಲ. ಅದೆಲ್ಲ ನಿಜವೇ. ಆದರೆ ಇನ್ನೊಂದು ನಿಜವೂ ಇತ್ತು. ಬದಲಿ ಗೋಲ್‌ಕೀಪರ್ ಇನ್ನೂ ಎಳಸು. ಅವನನ್ನು ನಿಲ್ಲಿಸಿದ್ದ ಒಂದೇ ಪಂದ್ಯದಲ್ಲಿ ಚೆಂಡು ಮನೆಗೆ ಬಂದು ಹೋಗುವ ನೆಂಟರ ಹಾಗೆ ಗೋಲಿನೊಳಗೆ ಹೋಗಿ ಬಂದು ಮಾಡಿತ್ತು. ಒಂದೂವರೆ ಕಣ್ಣಿನ ಚಿಲಕನೇ ಅವನಿಗಿಂತ ವಾಸಿ. ವರ್ಷವೆಲ್ಲ ಚಿಲಕನನ್ನು ತೆಗೆಯಿರಿ ಎಂದು ಗಂಟಲು ಹರಿದುಕೊಂಡವನ ಕೈಗೆ ಈಗ ಅದಕ್ಕೆ ಸರಿಯಾದ ಕಾರಣ ಸಿಕ್ಕಿತ್ತು. ಒಂದು ಫೋನ್ ಮಾಡಿದರೆ ಸಾಕಿತ್ತು. ಅವನು ಮಾಡಲಿಲ್ಲ.

ಎರಡು ದಿನ ಅವನು ಮೌನವಾಗಿ ಲೆನ್ಸು ಅರೆದ. ಹೆಂಡತಿಗೆ ಅನುಮಾನ ಬಂತು. ಒಬ್ಬ ಗಿರಾಕಿ ಇದ್ದಾನೆ ಎಂದು ಹೆಸರು ಹೇಳದೆ ಅವನು ಅವಳಿಗೆ ವಿಷಯ ಹೇಳಿದ. ಆಸ್ಪತ್ರೆಗೆ ಹೋಗು ಎಂದರೆ ಭಾನುವಾರ ಮುಗಿಯಲಿ ಎನ್ನುತ್ತಾನೆ, ನಾವೇನು ಮಾಡಲಾಗುತ್ತದೆ, ಅವನ ಕಣ್ಣು, ಅವನ ಇಷ್ಟ. ಭಾನುವಾರ ಎಂದ ಕೂಡಲೇ ಅವಳಿಗೆ ಯಾರೆಂದು ತಿಳಿದುಹೋಯಿತು. ಅವಳು ಕೈಯಲ್ಲಿದ್ದ ಫ್ರೇಮಿನಿಂದ ಕಣ್ಣು ತೆಗೆಯಲಿಲ್ಲ.

"ಆ ಗಿರಾಕಿ ಹಾಕಿ ಆಡೋನಲ್ದೆ ಬೇರೆ ಯಾರಾದ್ರೂ ಆಗಿದ್ರೆ ಏನ್ರೀ ಮಾಡ್ತಿದ್ರಿ?"

ಸ್ಕೂಟರಿನಲ್ಲಿ ಕೂರಿಸಿಕೊಂಡು ಆಗಲೇ ಆಸ್ಪತ್ರೆಗೆ ಬಿಟ್ಟುಬರುತ್ತಿದ್ದೆ ಎಂದ ಅವನು. ಹಾಗೆ ಮಾಡಿದ್ದೂ ಉಂಟು. ಅವಳು ಸ್ಕ್ರೂ ಬಿಗಿದು, ಫ್ರೇಮನ್ನು ಬೆಳಕಿಗೆ ಹಿಡಿದು ನೋಡಿ, ಇನ್ನೊಂದನ್ನು ಕೈಗೆತ್ತಿಕೊಂಡಳು. ಅವಳು ಇನ್ನಷ್ಟು ಮಾತಾಡಿದ್ದರೆ ಜಗಳವಾಡಿ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಅವಳು ಆ ಅವಕಾಶ ಕೊಡಲಿಲ್ಲ.

ಭಾನುವಾರ ಮೆಟ್ಟಿಲುಗಳು ತುಂಬಿದ್ದವು. ವರ್ಷವೆಲ್ಲ ತಲೆ ಹಾಕದವರು ಸಾವಿನ ಮನೆಗೆ ಬಂದಂತೆ ಬಂದು ಕೂತಿದ್ದರು. ಕಂಡಕ್ಟರ್ ಅವರನ್ನೆಲ್ಲ ಟಿಕೆಟ್ ಇಲ್ಲದ ಪ್ರಯಾಣಿಕರನ್ನು ನೋಡುವ ಹಾಗೆ ನೋಡಿದ. ಎದುರಾಳಿಗಳು ಹಳದಿ ಅಂಗಿಯವರು, ಒಳ್ಳೆಯ ತಂಡ. ಹುಲ್ಲುಹಾಸಿಗೆ ನೀರು ಚಿಮುಕಿಸಿ ಮುಗಿದ ಮೇಲೆ ಕೆಂಪಂಗಿಯವರು ಬಂದರು. ಗೋಲಿನ ಕಡೆ ನಡೆದು ಬಂದವನು ಚಿಲಕನೇ. ಮೆಟ್ಟಿಲಿನತ್ತ ಒಮ್ಮೆ ನೋಡಿ ಮುಖವಾಡ ಏರಿಸಿಕೊಂಡ.

ಆ ದಿನ ಏನಾಗಿತ್ತೋ, ಕೆಂಪಂಗಿಯವರ ಮೈಮೇಲೆ ದೇವರು ಬಂದಂತಿತ್ತು. ಮೊದಲ ಕಾಲು ಭಾಗದಲ್ಲೇ ಒಂದು ಗೋಲು ಹೊಡೆದರು, ಎರಡನೆಯದರಲ್ಲಿ ಮತ್ತೊಂದು. ದರ್ಜಿ ಪಕ್ಕದವನ ಅಂಗಿಯನ್ನು ಹಿಡಿದೆಳೆಯುತ್ತಿದ್ದ, ತಾನು ಹೊಲಿದದ್ದಲ್ಲ ಎಂಬ ಧೈರ್ಯದಿಂದಲೋ ಏನೋ. ಬಲಗಡೆಯಿಂದ ಬಂದ ಎರಡು ಬಿರುಸಿನ ಹೊಡೆತಗಳನ್ನು ಚಿಲಕ ಕಾಲು ಚಾಚಿ ಒದ್ದು ಹೊರಹಾಕಿದ. ಆಮೇಲೆ ಹಳದಿಯವರು ಎಡಗಡೆಯಿಂದ ಒಂದು ಗೋಲು ಹೊಡೆದರು. ಎರಡಕ್ಕೆ ಒಂದು. ಕನ್ನಡಕದಂಗಡಿಯವನು ಅಂದು ಕೂಗಲಿಲ್ಲ. ಗಂಟಲು ಕೆಟ್ಟಿದೆ ಎಂದು ಸುಳ್ಳು ಹೇಳಿ ಕೂತಿದ್ದ.

ವಿರಾಮಕ್ಕೆ ಸ್ವಲ್ಪ ಮೊದಲು ಹಳದಿಯವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಚೆಂಡು ಕೋಲಿನಿಂದ ಎದ್ದು ಎಡಗಂಬದ ಕಡೆ ಏರುತ್ತ ಬಂದು, ಚಿಲಕನ ಮುಖವಾಡದ ಪಕ್ಕಕ್ಕೆ ಬಡಿದು, ಗೋಲಿನ ಮೇಲಿಂದ ಹಾರಿ ಹೊರಗೆ ಬಿತ್ತು. ಮೆಟ್ಟಿಲುಗಳಿಗೆ ಹುಚ್ಚು ಹಿಡಿಯಿತು. ತಲೆಯಲ್ಲೇ ತಡೆದ, ಗಂಡು ಅಂದರೆ ಇವನು ಎಂದು ಕಂಡಕ್ಟರ್ ಎದ್ದು ನಿಂತ. ವರ್ಷದಲ್ಲಿ ಮೊದಲ ಸಲ ಚಿಲಕ ಎಂಬ ಹೆಸರನ್ನು ಜನ ಹಲ್ಲು ಕಡಿಯದೆ ಕೂಗಿದರು.

ಚಿಲಕ ತಲೆ ಒಡ್ಡಿರಲಿಲ್ಲ. ಚೆಂಡು ಬಂದದ್ದೇ ಅವನಿಗೆ ಕಂಡಿರಲಿಲ್ಲ. ಕೈ ಒಂದಿಷ್ಟೂ ಮೇಲೇಳದೆ ಸೊಂಟದ ಹತ್ತಿರವೇ ಇತ್ತು. ಕಿವಿಗೆ ನೀರು ಹೋದವನ ಹಾಗೆ ಅವನು ತಲೆ ಕೊಡವಿದ. ಮುಖವಾಡದ ಸರಳುಗಳನ್ನು ದಪ್ಪ ಗವುಸಿನಿಂದ ಒರೆಸಿದ, ಅಲ್ಲೇನೋ ಅಂಟಿದೆ ಎಂಬಂತೆ, ಮತ್ತೆ ಒರೆಸಿದ. ಅಷ್ಟು ಜನರಲ್ಲಿ ಇದು ಅರ್ಥವಾದದ್ದು ಒಬ್ಬನಿಗೆ.

ವಿರಾಮದ ಸೀಟಿ ಬಿದ್ದಾಗ ಅಂಗಡಿಯವನು ಎದ್ದ. ಗೆಲ್ಲುತ್ತಿರುವಾಗಲೂ ದೂರು ಹೇಳಲು ಹೊರಟೆಯಲ್ಲಯ್ಯ ಎಂದು ಕಂಡಕ್ಟರ್ ನಕ್ಕ. ಅವನು ಬೇಲಿಯ ಹತ್ತಿರ ಹೋಗಿ ಕೋಚನ್ನು ಕರೆದ. ಕೋಚ್ ಅಂದು ಉಲ್ಲಾಸದಲ್ಲಿದ್ದ.

"ಬನ್ನಿ ಯಜಮಾನ್ರೇ. ಗೆಲ್ತಾ ಇದೀವಲ್ಲ, ಇವತ್ತೇನು ಕೊರತೆ?"

"ಚಿಲಕನ್ನ ಹೊರಗೆ ತಗೊಳ್ಳಿ. ಅವನಿಗೆ ಎಡಗಣ್ಣು ಸರಿಯಾಗಿ ಕಾಣ್ತಿಲ್ಲ."

ಬೆಂಚಿನ ಮೇಲಿದ್ದವರು ಗೊಳ್ಳೆಂದು ನಕ್ಕರು. ಕೈ ಆಯಿತು, ಮಂಡಿ ಆಯಿತು, ಈಗ ಕಣ್ಣಿನ ಸರದಿ ಎಂದ ಒಬ್ಬ. ಮುಂದಿನ ವಾರ ತಲೆಯೇ ಇಲ್ಲ ಅಂತಾರೆ ನೋಡ್ತಿರು ಎಂದ ಇನ್ನೊಬ್ಬ. ಅಂಗಡಿಯವನು ತಾನು ಕಣ್ಣಿನ ಕೆಲಸದವನೆಂದೂ, ತಾನೇ ಪರೀಕ್ಷೆ ಮಾಡಿದ್ದೇನೆಂದೂ, ಇನ್ನೊಂದು ಏಟು ಬಿದ್ದರೆ ಕಣ್ಣೇ ಹೋಗಬಹುದೆಂದೂ ಹೇಳಿದ. ಕೋಚ್ ಸೊಂಟದ ಮೇಲೆ ಕೈಯಿಟ್ಟು, ಎಲ್ಲ ವಾರಗಳ ಹಾಗೆ, ತಲೆಯಾಡಿಸಿದ. ನಿಮ್ಮ ಅಭಿಮಾನ ದೊಡ್ಡದು, ಹೋಗಿ ಕೂತುಕೊಳ್ಳಿ ಎಂದ. ವರ್ಷವಿಡೀ ಇದೇ ಬೇಲಿಯ ಮೇಲಿಂದ ಬಾಯಿಗೆ ಬಂದದ್ದನ್ನೆಲ್ಲ ಹೇಳಿದವನ ಬಾಯಿಂದ ಈಗ ಬಂದದ್ದೂ ಅವರಿಗೆ ಅದೇ ಸಾಲಿನಲ್ಲಿ ಕೇಳಿಸಿತ್ತು. ಅದಕ್ಕೆ ಅವರನ್ನು ದೂರುವಂತಿರಲಿಲ್ಲ.

ಅವನು ಬೇಲಿ ದಾಟಿದ. ಆ ವಯಸ್ಸಿಗೆ ಅದು ಚೆಂದದ ದೃಶ್ಯವಲ್ಲ. ಪ್ಯಾಂಟು ತಂತಿಗೆ ಸಿಕ್ಕಿಕೊಂಡು ಒಂದು ಕ್ಷಣ ಒಂಟಿಕಾಲಲ್ಲಿ ನಿಲ್ಲಬೇಕಾಯಿತು. ಚಿಲಕ ಬೆಂಚಿನ ತುದಿಯಲ್ಲಿ ಮುಖವಾಡ ಕಳಚಿಟ್ಟು, ಮೈದಾನದ ಬಲಮೂಲೆಯನ್ನು ನೋಡುತ್ತ ನೀರು ಕುಡಿಯುತ್ತಿದ್ದ. ಅಂಗಡಿಯವನು ನೆಲದಲ್ಲಿದ್ದ ಒಂದು ಚೆಂಡನ್ನು ಎತ್ತಿಕೊಂಡು, ಸದ್ದಿಲ್ಲದೆ ಅವನ ಎಡಕ್ಕೆ ಹೋಗಿ ನಿಂತು, ಚೆಂಡನ್ನು ಅವನ ಕಿವಿಯ ಎತ್ತರಕ್ಕೆ ಹಿಡಿದ. ಕೋಚಿನ ಕಡೆ ಒಮ್ಮೆ ನೋಡಿದ. ಆಮೇಲೆ ಅಂಗಡಿಯಲ್ಲಿ ಮಾಡಿದಷ್ಟೇ ನಿಧಾನವಾಗಿ ಚೆಂಡನ್ನು ಮುಂದಕ್ಕೆ ತಂದ.

ಮೊದಲು ಎಲ್ಲರೂ ನಗುತ್ತಿದ್ದರು. ಬಿಳಿ ಚೆಂಡು ಕಿವಿ ದಾಟಿತು. ಕೆನ್ನೆಯ ಮೂಳೆ ದಾಟಿತು. ಚಿಲಕ ಇನ್ನೊಂದು ಗುಟುಕು ಕುಡಿದ. ನಗು ಒಬ್ಬೊಬ್ಬರಲ್ಲೇ ನಿಂತಿತು. ಚೆಂಡು ಮೂಗಿನ ಹತ್ತಿರ ಬಂದಾಗ ಅವನು ಬೆಚ್ಚಿಬಿದ್ದು ನೀರನ್ನು ಎದೆಯ ಮೇಲೆ ಚೆಲ್ಲಿಕೊಂಡ.

ಕೋಚ್ ಚೆಂಡನ್ನು ತಾನು ಇಸಿದುಕೊಂಡ. ನೇರ ನೋಡು ಎಂದು ಚಿಲಕನಿಗೆ ಹೇಳಿ, ಅವನ ಎಡಪಕ್ಕದಲ್ಲಿ ನಿಂತ. ಚೆಂಡು ಇನ್ನೂ ಕೋಚಿನ ಬೆನ್ನ ಹಿಂದೆಯೇ ಇತ್ತು. ಚಿಲಕ ಆಗಲೇ ಕಂಡಿತು ಎಂದ.

ಅದರ ನಂತರ ಯಾರೂ ಏನೂ ಕೇಳಬೇಕಾಗಿರಲಿಲ್ಲ. ಕೋಚ್ ಬದಲಿ ಗೋಲ್‌ಕೀಪರನಿಗೆ ಪ್ಯಾಡು ಕಟ್ಟಿಕೊಳ್ಳಲು ಹೇಳಿದ. ಚಿಲಕ ಅಂಗಡಿಯವನತ್ತ ಪೂರ್ತಿ ಮುಖ ತಿರುಗಿಸಿದ, ಬಲಗಣ್ಣಿಗೆ ಕಾಣುವ ಹಾಗೆ.

"ಅಂಗಡಿ ಮಾತು ಅಂದಿದ್ರಿ."

ಅಂಗಡಿಯವನು ಹೌದು ಎಂದ. ಬೇಲಿ ದಾಟಿ ವಾಪಸು ಬಂದ.

ಮೆಟ್ಟಿಲಿನವರು ಎಲ್ಲವನ್ನೂ ನೋಡಿದ್ದರು, ಏನೂ ಕೇಳಿಸಿರಲಿಲ್ಲ. ಮೂರನೇ ಕಾಲು ಭಾಗಕ್ಕೆ ಬೇರೆ ಗೋಲ್‌ಕೀಪರ್ ಬಂದು ನಿಂತಾಗ ಗುಸುಗುಸು ಶುರುವಾಯಿತು. ಏನು ಹೇಳಿದೆ ಎಂದು ಕಂಡಕ್ಟರ್ ಕೇಳಿದ. ಏನಿಲ್ಲ ಎಂದ ಇವನು. ಸ್ವಲ್ಪದರಲ್ಲೇ ಹಳದಿಯವರ ಒಂದು ಸಾದಾ ಹೊಡೆತ ಹೊಸಬನ ಪ್ಯಾಡುಗಳ ನಡುವೆ ತೂರಿ ಒಳಗೆ ಹೋಯಿತು. ಎರಡಕ್ಕೆ ಎರಡು. ಕೊನೆಯ ಕಾಲು ಭಾಗದಲ್ಲಿ ಬಲಗಡೆಯಿಂದ ಇನ್ನೊಂದು ಬಿತ್ತು. ಇದು ಚಿಲಕ ಕಣ್ಣುಮುಚ್ಚಿ ತಡೆಯುತ್ತಿದ್ದ ಚೆಂಡು ಎಂಬುದು ಅಂಗಡಿಯವನ ತಲೆಗೆ ಬಂದ ಮೊದಲ ಯೋಚನೆ. ಕಡೆಗಳಿಗೆಯಲ್ಲಿ ಕೆಂಪಂಗಿಯವರ ಹೊಡೆತವೊಂದು ಕಂಬಕ್ಕೆ ತಾಗಿ ಮರಳಿದಾಗ ಅವನು ಎಲ್ಲರಿಗಿಂತ ಮೊದಲು ಎದ್ದು ನಿಂತಿದ್ದ. ಎಲ್ಲರಿಗಿಂತ ಕೊನೆಗೆ ಕೂತ.

ಕೆಂಪಂಗಿಯವರು ಎರಡನೇ ದರ್ಜೆಗೆ ಇಳಿದರು. ಜನ ಅಂಗಡಿಯವನ ಮೈಗೆ ತಗುಲಿಕೊಂಡು ಇಳಿದು ಹೋದರು. ಕೆಲವರು ಬೇಕೆಂದೇ ಜೋರಾಗಿ ತಗುಲಿದರು. ಗೆಲ್ಲುವ ಪಂದ್ಯದಲ್ಲಿ ಗೋಲ್‌ಕೀಪರನನ್ನು ಬದಲಿಸಿದ ಕೋಚಿಗೆ ಬುದ್ಧಿಯಿಲ್ಲ, ಅವನ ತಲೆ ಕೆಡಿಸಿದ ಈ ಆಸಾಮಿಗೆ ಅದಕ್ಕಿಂತ ಇಲ್ಲ. ಕಂಡಕ್ಟರ್ ಮುಖ ತಿರುಗಿಸಿಕೊಂಡು ಹೋದ. ಯಾರ ಮೇಲೂ ಸಿಟ್ಟಿಲ್ಲದ ದರ್ಜಿ ಎದುರಿಗೆ ಬಂದು ನಿಂತ.

"ವರ್ಷ ಪೂರ್ತಿ ತೆಗೀರಿ ತೆಗೀರಿ ಅಂದೆ. ತೆಗೆಸಿದೆಯಲ್ಲ. ಈಗ ಹೊಟ್ಟೆ ತಣ್ಣಗಾಯ್ತಾ?"

ಇದಕ್ಕೆ ಒಂದು ಸಾಲಿನ ಉತ್ತರವಿತ್ತು. ಆದರೆ ಅದನ್ನು ಹೇಳಬೇಕಾದವರಿಗೆ ಹೇಳಿಯಾಗಿತ್ತು. ಉಳಿದವರ ಮಟ್ಟಿಗೆ ಅದು ಅಂಗಡಿ ಮಾತೇ. ಅವನು ದರ್ಜಿಯ ಬಾಯಿಂದ ಬಂದದ್ದನ್ನೆಲ್ಲ ಕೇಳಿಸಿಕೊಂಡು, ಅವನು ಹೋಗುವವರೆಗೆ ನಿಂತಿದ್ದ.

ಆಟಗಾರರ ಬಾಗಿಲಲ್ಲಿ ಚಿಲಕ ಎಲ್ಲರಿಗಿಂತ ಕೊನೆಗೆ ಬಂದ. ಕಣ್ಣಿನ ಆಸ್ಪತ್ರೆಯ ತುರ್ತು ವಿಭಾಗ ಭಾನುವಾರವೂ ತೆರೆದಿರುತ್ತದೆ ಎಂದು ಅಂಗಡಿಯವನು ಹೇಳಿದ. ಚಿಲಕ ನಿಮಗೇಕೆ ಅದೆಲ್ಲ ಎಂದ. ನೀವು ಹೇಳಿದ್ದು ಆಯಿತು, ತಂಡ ಮುಳುಗಿದ್ದೂ ಆಯಿತು, ಇನ್ನು ಮನೆಗೆ ಹೋಗಿ ಎಂದ. ಅಂಗಡಿಯವನು ಅವನ ಹೆಗಲಿನಿಂದ ಚೀಲ ತೆಗೆದುಕೊಂಡು ಸ್ಕೂಟರಿನ ಮುಂದೆ ಇಟ್ಟ. ಎಡಗಡೆಯಿಂದ ತೆಗೆದದ್ದರಿಂದ ಚಿಲಕನಿಗೆ ತಡೆಯಲು ಆಗಲಿಲ್ಲ. ಚೀಲ ಹೋದ ಮೇಲೆ ಅವನೂ ಹತ್ತಿ ಕೂತ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಣ್ಣಿಗೆ ಹನಿ ಹಾಕಿ, ದೀಪ ಬಿಟ್ಟು ಬಹಳ ಹೊತ್ತು ನೋಡಿದಳು. ಒಳಪದರ ಬಿಟ್ಟಿದೆ, ನಡುಭಾಗ ಇನ್ನೂ ಅಂಟಿಕೊಂಡಿದೆ, ಇದೂ ಬಿಟ್ಟಿದ್ದರೆ ಮಾಡುವುದು ಹೆಚ್ಚೇನೂ ಇರುತ್ತಿರಲಿಲ್ಲ ಎಂದಳು. ಎಷ್ಟು ಉಳಿಯುತ್ತದೆ ಎಂದು ಈಗಲೇ ಹೇಳಲಾಗದು. ಆಪರೇಷನ್ ಬೆಳಿಗ್ಗೆಯೇ, ಇವತ್ತೇ ಸೇರಿಕೊಳ್ಳಬೇಕು. ಆಮೇಲೆ ಬಾಗಿಲ ಹತ್ತಿರ ಚೀಲ ಹಿಡಿದು ನಿಂತವನ ಕಡೆ ತಿರುಗಿ, ನೀವು ಇವರಿಗೆ ಏನಾಗಬೇಕು ಎಂದು ಕೇಳಿದಳು.

ಚಿಲಕ ಕಣ್ಣು ಮುಚ್ಚಿಕೊಂಡೇ ಹೇಳಿದ:

"ಅಣ್ಣ ಅಂತ ಇಟ್ಕೊಳ್ಳಿ ಡಾಕ್ಟ್ರೇ. ಹಿಂದೆ ಕೂತು ಬೈತಿರ್ತಾರೆ."

ಡಾಕ್ಟರಮ್ಮ ನಗಲಿಲ್ಲ. ಹಾಗಾದರೆ ಹೊರಗೆ ಕೂತಿರಿ, ಕರೆದಾಗ ಬರಬೇಕು ಎಂದಳು. ನರ್ಸು ಚಿಲಕನ ತೋಳು ಹಿಡಿದು ಒಳಗೆ ಕರೆದೊಯ್ದಳು. ಅಂಗಡಿಯವನು ಹೊರಗಿನ ಬೆಂಚಿನಲ್ಲಿ ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಮನೆಗೆ ಫೋನ್ ಮಾಡಿದ. ಊಟಕ್ಕೆ ಕಾಯಬೇಡ ಎಂದ. ಸೋತಿರಾ ಎಂದು ಹೆಂಡತಿ ಕೇಳಿದಳು. ಸೋತೆವು ಎಂದ. ಆಮೇಲೆ ಅವಳು ಗಿರಾಕಿ ಏನಾದ ಎಂದಳು.

"ಒಳಗೆ ಕರ್ಕೊಂಡು ಹೋದ್ರು. ಇಲ್ಲೇ ಕೂತಿದೀನಿ."